ಮಾರುವವನ ಮೌನ

ಸುಳ್ಳು ಹೇಳುವುದು ತಪ್ಪೆಂಬುದನ್ನು ಒಪ್ಪದವರು ಲೋಕದಲ್ಲಿ ವಿರಳ. ಆದರೆ ಸುಳ್ಳನ್ನೂ ಆಡದೆ, ನಿಜವನ್ನೂ ನುಡಿಯದೆ, ಸುಮ್ಮನಿದ್ದು ಲಾಭ ಪಡೆದವನು ತಪ್ಪಿತಸ್ಥನೋ ಅಲ್ಲವೋ ಎಂದು ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಉತ್ತರ ಕೊಡುವರು. "ಅವನು ಕೇಳಲಿಲ್ಲ, ಇವನು ಹೇಳಲಿಲ್ಲ" ಎಂಬ ಎರಡು ಮಾತಿನಲ್ಲಿ ಎಷ್ಟೋ ವ್ಯವಹಾರಗಳು ಮುಗಿದುಹೋಗುತ್ತವೆ. ಸಂತೆಯಲ್ಲಿ ಎತ್ತು ಮಾರುವವನಿಗೂ, ಮನೆ ಮಾರುವವನಿಗೂ, ಅಡಕೆಯ ಮೂಟೆ ಕಟ್ಟುವವನಿಗೂ ಈ ಪ್ರಶ್ನೆ ಒಂದಲ್ಲ ಒಂದು ದಿನ ಎದುರಾಗತಕ್ಕದ್ದೇ. ಪ್ರಕೃತ ಇದನ್ನು ಹಳೆಯ ಲೇತು ಯಂತ್ರವೊಂದರ ಕ್ರಯವಿಕ್ರಯವನ್ನು ನಿದರ್ಶನವಾಗಿಟ್ಟುಕೊಂಡು ವಿಚಾರಿಸಬಹುದು. ಯಂತ್ರದ ವಿಷಯ ಸಾಹಿತ್ಯಪತ್ರಿಕೆಗೆ ಒಗ್ಗದೆಂದು ಕೆಲವರಿಗೆ ತೋರಬಹುದು. ಆದರೆ ಧರ್ಮವು ಕಬ್ಬಿಣದ ಅಂಗಡಿಗೆ ಕಾಲಿಡುವುದಿಲ್ಲವೆಂದು ಯಾವ ಶಾಸ್ತ್ರವೂ ಹೇಳಿಲ್ಲ.

ಈ ನಿದರ್ಶನಕ್ಕೆ ಶಿವಮೊಗ್ಗ ಭದ್ರಾವತಿಗಳಿಗಿಂತ ತಕ್ಕ ಸ್ಥಳ ಬೇರೊಂದಿಲ್ಲ. ಒಂದು ತುಂಗೆಯ ದಡದಲ್ಲಿದೆ, ಇನ್ನೊಂದು ಭದ್ರೆಯ ದಡದಲ್ಲಿ. ಭದ್ರಾವತಿಗೆ ಹಿಂದೆ ಬೆಂಕಿಪುರವೆಂಬ ಹೆಸರಿತ್ತು. ಮುಂದೆ ಆ ಊರಿಗೆ ಬಂದ ಭಾಗ್ಯಕ್ಕೆ ಹಳೆಯ ಹೆಸರೇ ಹೆಚ್ಚು ಒಪ್ಪುತ್ತಿತ್ತೆನ್ನಬೇಕು. ಮೈಸೂರು ಸರ್ಕಾರದವರು 1918ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಯ ಕೆಲಸವನ್ನು ತೊಡಗಿಸಿದರು. ಕೆಮ್ಮಣ್ಣುಗುಂಡಿಯ ಅದಿರೂ ಮಲೆನಾಡಿನ ಮರದ ಇದ್ದಿಲೂ ಕೂಡಿ 1923ರಲ್ಲಿ ಕುಲುಮೆಯಿಂದ ಕಬ್ಬಿಣ ಹರಿಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದನ್ನು ನಷ್ಟದಿಂದ ಎತ್ತಿ ನಿಲ್ಲಿಸಿದ ಸಂಗತಿಯು ಈ ಪ್ರಾಂತದ ಮಕ್ಕಳಿಗೂ ಗೊತ್ತು. 1936ರಲ್ಲಿ ಕಾಗದದ ಕಾರ್ಖಾನೆಯೂ ಸ್ಥಾಪಿತವಾಯಿತು. ಈ ಎರಡರ ಆಶ್ರಯದಲ್ಲಿ ಮೂರು ತಲೆಮಾರಿನ ಜನ ಲೋಹದ ಕೆಲಸವನ್ನು ಕಲಿತರು. ಕಾಲ ಎಲ್ಲಕ್ಕೂ ಒಂದೇ ರೀತಿಯಾಗಿರದು. ಕಾಗದದ ಕಾರ್ಖಾನೆ ನಿಂತುಹೋಯಿತು. 1998ರಲ್ಲಿ ಭಾರತ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಗಿದ್ದ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರವು 2023ರ ಆರಂಭದಲ್ಲಿ ಹೊರಬಿದ್ದು, ಅದೇ ವರ್ಷ ಕೆಲಸ ಭಾಗಶಃ ಮತ್ತೆ ಆರಂಭವಾಯಿತು. ಊರಿನ ಅನ್ನವು ಹೀಗೆ ತೂಗುಯ್ಯಾಲೆಯಾಡಿದಾಗ ಕೈಕಸುಬಿನವರ ಶೆಡ್ಡುಗಳಲ್ಲಿದ್ದ ಯಂತ್ರಗಳು ಕೈ ಬದಲಾಯಿಸುವುದು ಸಹಜ.

ಹಾಗೆ ಕೈ ಬದಲಾಯಿಸುವ ಯಂತ್ರಗಳಲ್ಲಿ ಲೇತು ಮುಖ್ಯವಾದುದು. ಲೋಹದ ತುಂಡನ್ನು ಹಿಡಿದು ತಿರುಗಿಸಿ, ಅದಕ್ಕೆ ಹರಿತವಾದ ಉಳಿಯನ್ನು ತಾಗಿಸಿ, ಬೇಕಾದ ಗಾತ್ರಕ್ಕೆ ಕಡೆಯುವ ಸಾಧನವಿದು. ತುಂಗಭದ್ರೆಯ ದಡದ ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲೂ, 1953ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಹಿಂದುಸ್ತಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯಲ್ಲೂ ತಯಾರಾದ ಲೇತುಗಳು ನಾಡಿನಾದ್ಯಂತ ಹರಡಿದವು. ಹರಿಹರದ ಆ ಕಾರ್ಖಾನೆ ಈಗಿಲ್ಲ. ಆದರೆ ಅದರ ಯಂತ್ರಗಳು ಇಂದಿಗೂ ತಿರುಗುತ್ತಿವೆ. ಒಳ್ಳೆಯ ಎರಕದ ಲೇತು ಮನುಷ್ಯನ ಆಯುಸ್ಸಿಗಿಂತ ಹೆಚ್ಚು ಕಾಲ ಬಾಳುತ್ತದೆ. ಆದುದರಿಂದಲೇ ಹೊಸದನ್ನು ಕೊಳ್ಳಲಾರದವರು ಹಳೆಯದನ್ನು ಅರಸಿ ಹೊರಡುವರು.

ಆದರೆ ಹಳೆಯ ಲೇತು ಹಳೆಯ ಪಾತ್ರೆಯಂತಲ್ಲ. ಪಾತ್ರೆಯ ತೂತು ನೀರು ಹೊಯ್ದೊಡನೆ ಕಾಣುತ್ತದೆ. ಲೇತಿನ ದೋಷ ಕಣ್ಣಿಗೆ ಕಾಣದು. ಉಳಿಯನ್ನು ಹೊತ್ತ ಭಾಗವು ಜಾರಿಕೊಂಡು ಹೋಗುವ ಉದ್ದನೆಯ ಎರಕದ ಹಾಸಿಗೆಗೆ ಕಸುಬಿನವರು 'ಬೆಡ್ಡು' ಎನ್ನುವರು. ಹೆಚ್ಚಿನ ಕೆಲಸವೆಲ್ಲ ಲೋಹವನ್ನು ಕಚ್ಚಿ ಹಿಡಿಯುವ 'ಚಕ್ಕಿ'ನ ಸಮೀಪದಲ್ಲೇ ನಡೆಯುವುದರಿಂದ ಬೆಡ್ಡು ಅಲ್ಲಿ ಸವೆಯುತ್ತದೆ, ಇನ್ನೊಂದು ಕೊನೆಯಲ್ಲಿ ಸವೆಯುವುದಿಲ್ಲ. ಸವೆತವು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಪಾಲೂ ಇರಲಾರದು. ಆದರೂ ಅಂಥ ಯಂತ್ರದಲ್ಲಿ ಕಡೆದ ದಂಡವು ಒಂದು ಕೊನೆಯಲ್ಲಿ ಒಂದು ದಪ್ಪ, ಇನ್ನೊಂದು ಕೊನೆಯಲ್ಲಿ ಬೇರೊಂದು ದಪ್ಪವಾಗಿ ಹೊರಬರುತ್ತದೆ. ಬಲ್ಲವನು ಉಳಿಯ ಪೀಠವನ್ನು ಚಕ್ಕಿನ ಹತ್ತಿರ ತಂದು ಬಿಗಿಮಾಡಿ, ಬಳಿಕ ದೂರದ ಕೊನೆಗೆ ದೂಡುವನು. ಅಲ್ಲಿ ಅದು ಸಿಕ್ಕಿಕೊಂಡರೆ ಬೆಡ್ಡು ಸವೆದಿದೆಯೆಂದು ತಿಳಿಯುವನು. ದಂಡವೊಂದನ್ನು ಕಡೆದು ಎರಡು ಕೊನೆಗಳನ್ನೂ ಮೈಕ್ರೊಮೀಟರಿನಿಂದ ಅಳೆಯುವನು. ಗೇರುಗಳ ಸದ್ದಿಗೆ ಕಿವಿಗೊಡುವನು. ಅರಿಯದವನು ಹೊಸದಾಗಿ ಬಳಿದ ಹಸಿರು ಬಣ್ಣವನ್ನು ನೋಡಿ ಹಣ ಎಣಿಸಿಬಿಡುವನು.

ಇನ್ನು ನಿದರ್ಶನ. ಭದ್ರಾವತಿಯಲ್ಲಿ ವಯಸ್ಸಾದ ಕುಶಲಕರ್ಮಿಯೊಬ್ಬನಿದ್ದಾನೆಂದು ಕಲ್ಪಿಸಿಕೊಳ್ಳಬಹುದು. ಮನೆಯ ಹಿಂದಿನ ಶೆಡ್ಡಿನಲ್ಲಿ ಮೂವತ್ತು ವರ್ಷ ಒಂದೇ ಲೇತಿನಲ್ಲಿ ದುಡಿದಿದ್ದಾನೆ. ಕಣ್ಣು ಮಂದವಾಗಿದೆ, ಹೆಂಡತಿಯ ಔಷಧಕ್ಕೆ ತಿಂಗಳು ತಿಂಗಳೂ ಹಣ ಬೇಕಾಗಿದೆ. ಶಿವಮೊಗ್ಗೆಯ ವಿನೋಬನಗರದಿಂದ ಒಬ್ಬ ತರುಣ ಬರುತ್ತಾನೆ. ಚಿಕ್ಕ ಉದ್ಯೋಗ ಬಿಟ್ಟು, ಮನೆಯಲ್ಲೇ ಸಣ್ಣ ಕಾರ್ಯಾಗಾರ ಹೂಡಿ, ತೋಟದವರ ಪಂಪುಗಳ ದಂಡಗಳನ್ನೂ ಬುಷ್ಷುಗಳನ್ನೂ ಕಡೆದುಕೊಟ್ಟು ಬದುಕಬೇಕೆಂಬುದು ಅವನ ಆಸೆ. ಕೂಡಿಟ್ಟ ಹಣವೆಲ್ಲ ಕಿಸೆಯಲ್ಲಿದೆ. ಮುದುಕ ಸ್ವಿಚ್ಚು ಒತ್ತುತ್ತಾನೆ, ಚಕ್ಕು ಸರಾಗವಾಗಿ ತಿರುಗುತ್ತದೆ.

"ಯಜಮಾನ್ರೇ, ಮೆಷಿನ್ನು ಚೆನ್ನಾಗಿದೆಯಲ್ಲ?" ಎಂದು ತರುಣ ಕೇಳುತ್ತಾನೆ.

"ನೋಡಪ್ಪ, ಕಣ್ಣೆದುರಿಗೇ ಓಡ್ತಾ ಇದೆಯಲ್ಲ," ಎನ್ನುತ್ತಾನೆ ಮುದುಕ.

ಈ ಉತ್ತರದಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಯಂತ್ರ ಓಡುತ್ತಿರುವುದು ನಿಜ. ಬೆಡ್ಡು ಸವೆದಿರುವುದೂ ನಿಜ, ಅದು ಮುದುಕನಿಗೆ ತನ್ನ ಅಂಗೈಯ ಗೆರೆಗಳಂತೆ ಗೊತ್ತಿರುವುದೂ ನಿಜ. ಮುದುಕ ಮಾಡಿದ್ದು ತಪ್ಪೋ ಅಲ್ಲವೋ ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿಲ್ಲಿಸಬೇಕು. ಮುದುಕನ ಪರವಾಗಿ ಮೂರು ಮಾತುಗಳನ್ನು ಹೇಳಬಹುದು. ಒಂದನೆಯದು, ಕೊಳ್ಳುವವನಿಗೆ ಕಣ್ಣಿದೆ, ಕೈಯಿದೆ. ಪರೀಕ್ಷಿಸಬೇಡವೆಂದು ಯಾರೂ ತಡೆದಿಲ್ಲ. ಎರಡನೆಯದು, ಹಳೆಯದೆಂದು ಹೇಳಿಯೇ ಮಾರಿದೆ. ಹಳೆಯದೆಂದರೆ ಸವೆದದ್ದೆಂದೇ ಅರ್ಥ, ಕಡಮೆ ಬೆಲೆಯೇ ಅದಕ್ಕೆ ಸಾಕ್ಷಿ. ಮೂರನೆಯದು, ಮುದುಕನಿಗೆ ಇರುವ ತಿಳಿವಳಿಕೆ ಮೂವತ್ತು ವರ್ಷದ ದುಡಿಮೆಯಿಂದ ಬಂದದ್ದು; ಅದನ್ನು ಬಿಟ್ಟಿಯಾಗಿ ಕೊಡಲು ಅವನು ಯಾರಿಗೂ ಸಾಲಗಾರನಲ್ಲ.

ಈ ದೇಶದ ಕಾನೂನು ಕೂಡ ಮೇಲುನೋಟಕ್ಕೆ ಮುದುಕನ ಕಡೆಗೇ ಇದೆ. 1930ರ ಸರಕು ವಿಕ್ರಯದ ಕಾಯಿದೆಯು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೊಳ್ಳುವವನೇ ಎಚ್ಚರವಾಗಿರತಕ್ಕದ್ದೆಂಬ ನಿಯಮವನ್ನು ಅನುಸರಿಸುತ್ತದೆ. 1872ರ ಕರಾರು ಕಾಯಿದೆಯ 17ನೆಯ ಪ್ರಕರಣವು ಬರಿಯ ಮೌನವನ್ನು ವಂಚನೆಯೆಂದು ಕರೆಯುವುದಿಲ್ಲ. ಅಸ್ವಸ್ಥವಾದ ಕುದುರೆಯನ್ನು ಹರಾಜಿನಲ್ಲಿ ಏನೂ ಹೇಳದೆ ಮಾರಿದವನು ವಂಚಕನಲ್ಲವೆಂದು ಅಲ್ಲಿಯೇ ದೃಷ್ಟಾಂತವಿದೆ. ಆದರೆ ಆ ದೃಷ್ಟಾಂತಮಾಲೆಯನ್ನು ಕೊನೆಯವರೆಗೆ ಓದಬೇಕು. ಕೊಳ್ಳುವವಳು ಮಾರುವವನ ಮಗಳೇ ಆಗಿ, ಆಗತಾನೆ ಪ್ರಾಪ್ತವಯಸ್ಕಳಾಗಿದ್ದರೆ, ಕುದುರೆಯ ದೋಷವನ್ನು ಹೇಳುವ ಹೊಣೆ ಅವನದಾಗುತ್ತದೆ. "ನೀನು ಅಲ್ಲಗಳೆಯದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದು ತಿಳಿಯುತ್ತೇನೆ" ಎಂದು ಕೊಳ್ಳುವವನು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ ಆ ಮೌನವು ಮಾತಿಗೆ ಸಮಾನ. ಕುದುರೆ ಒಂದೇ, ರೋಗ ಒಂದೇ. ಒಬ್ಬನು ಇನ್ನೊಬ್ಬನ ಮೇಲೆ ಇಟ್ಟ ನಂಬಿಕೆ ಬದಲಾದೊಡನೆ ಮೌನದ ಸ್ವರೂಪವೇ ಬದಲಾಗುತ್ತದೆಂಬುದನ್ನು ಕಾನೂನೂ ಬಲ್ಲದು. "ಮೆಷಿನ್ನು ಚೆನ್ನಾಗಿದೆಯಲ್ಲ?" ಎಂದು ತರುಣ ಕೇಳಿದ್ದು ಈ ಕೊನೆಯ ದೃಷ್ಟಾಂತಕ್ಕೆ ಎಷ್ಟು ಹತ್ತಿರವಾಗಿದೆಯೆಂಬುದನ್ನು ವಾಚಕರೇ ನೋಡಬಹುದು.

ಈ ವಿವಾದ ಬಹಳ ಹಳೆಯದು. ರೋಮಿನ ಸಿಸೆರೋ ಎಂಬ ವಿದ್ವಾಂಸನು ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದನ್ನೇ ಚರ್ಚಿಸಿದ್ದಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಒಬ್ಬ ವರ್ತಕ ಅಲೆಕ್ಸಾಂಡ್ರಿಯದಿಂದ ಹಡಗಿನಲ್ಲಿ ಧಾನ್ಯ ತರುತ್ತಾನೆ. ಹಿಂದೆ ಇನ್ನೂ ಅನೇಕ ಹಡಗುಗಳು ಬರುತ್ತಿರುವುದನ್ನು ಅವನು ಕಂಡಿದ್ದಾನೆ. ಅದನ್ನು ಹೇಳಬೇಕೇ, ಹೇಳದೆ ಹೆಚ್ಚಿನ ಬೆಲೆಗೆ ಮಾರಬಹುದೇ? ಡಯೋಜಿನೀಸನೆಂಬ ತತ್ತ್ವಜ್ಞಾನಿ ಹೇಳಬೇಕಾಗಿಲ್ಲವೆಂದನು. ಅವನ ಶಿಷ್ಯ ಆಂಟಿಪೇಟರನು ಹೇಳಲೇಬೇಕೆಂದನು. ದೋಷವಿರುವ ಮನೆಯನ್ನು ಮಾರುವವನ ಮಾತೂ ಅಲ್ಲಿ ಬರುತ್ತದೆ. ಸಿಸೆರೋ ಶಿಷ್ಯನ ಪಕ್ಷವನ್ನೇ ಹಿಡಿದನು. ಆದರೆ ಧಾನ್ಯ, ಮನೆ ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲವೆಂದು ತೋರುತ್ತದೆ; ಅದರ ಕಾರಣ ಮುಂದೆ ಬರುವುದು.

ನಮ್ಮ ಸ್ಮೃತಿಕಾರರು ಈ ಪ್ರಶ್ನೆಯನ್ನು ಬೇರೊಂದು ದಾರಿಯಿಂದ ಸಮೀಪಿಸಿದರು. ಕೊಂಡ ಮೇಲೆ ಪಶ್ಚಾತ್ತಾಪವಾದರೆ ವಸ್ತುವನ್ನು ಹಿಂದಿರುಗಿಸಲು ಮನುವು ಹತ್ತು ದಿನಗಳ ಅವಧಿ ಕೊಟ್ಟನು. ಯಾಜ್ಞವಲ್ಕ್ಯನು ಇನ್ನೂ ಸೂಕ್ಷ್ಮವಾಗಿ ನೋಡಿ, ಪರೀಕ್ಷೆಯ ಕಾಲವು ವಸ್ತುವಿನ ಸ್ವಭಾವವನ್ನು ಅನುಸರಿಸಬೇಕೆಂದು ವಿಧಿಸಿದನು: ಬೀಜಕ್ಕೆ ಹತ್ತು ದಿನ, ಹೊರೆ ಹೊರುವ ಪಶುವಿಗೆ ಐದು ದಿನ, ರತ್ನಕ್ಕೆ ಏಳು ದಿನ, ಹಾಲು ಕರೆಯುವ ಪಶುವಿಗೆ ಮೂರು ದಿನ, ಕಬ್ಬಿಣಕ್ಕೆ ಒಂದು ದಿನ. (ದಾಸದಾಸಿಯರನ್ನೂ ಇದೇ ಪಟ್ಟಿಯಲ್ಲಿ ಸೇರಿಸಿದ್ದುದು ಆ ಕಾಲದ ಕಳಂಕ, ಅದನ್ನು ಮುಚ್ಚಿಡುವುದು ಈ ಪ್ರಬಂಧದ ವಿಷಯಕ್ಕೇ ವಿರುದ್ಧವಾದೀತು.) ದುಷ್ಟವಾದ ವಸ್ತುವನ್ನು ಅದುಷ್ಟವೆಂಬಂತೆ ಮಾರಿದವನಿಗೆ ಬೆಲೆಯ ಇಮ್ಮಡಿ ದಂಡವೆಂದೂ ಆತ ಹೇಳಿದನು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಖ್ಯಾತ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾದ ಕಲ್ಯಾಣದಲ್ಲಿದ್ದವನು. ಆದಕಾರಣ ಈ ವಿಚಾರ ಕನ್ನಡ ನೆಲಕ್ಕೆ ಹೊಸದಲ್ಲ.

ಇಲ್ಲಿ ಒಂದು ಸ್ವಾರಸ್ಯವಾದ ಸಂದೇಹ ಹುಟ್ಟುತ್ತದೆ. ಲೇತು ಕಬ್ಬಿಣವೋ, ಹೊರೆಯ ಎತ್ತೋ? ದ್ರವ್ಯದಿಂದ ನೋಡಿದರೆ ಕಬ್ಬಿಣವೇ. ಒಂದು ದಿನ ಸಾಕು. ಆದರೆ ಸ್ಮೃತಿಕಾರನು ಕಬ್ಬಿಣಕ್ಕೆ ಒಂದೇ ದಿನವಿಟ್ಟದ್ದು, ಅದರ ಗುಣದೋಷ ಬೇಗನೆ ಹೊರಬೀಳುವುದೆಂಬ ಕಾರಣದಿಂದಲೇ ಇರಬೇಕು. ಎತ್ತಿನ ದೋಷವಾದರೋ ನೊಗಕ್ಕೆ ಕಟ್ಟಿ, ಹೊರೆ ಹೊರಿಸಿ, ಏರು ಹತ್ತಿಸಿದಲ್ಲದೆ ತಿಳಿಯದು. ಲೇತಿನ ದೋಷವೂ ದುಡಿಸಿದಲ್ಲದೆ ತಿಳಿಯದು. ಆದುದರಿಂದ ಅದು ಕಬ್ಬಿಣದ ದೇಹದೊಳಗಿನ ಎತ್ತು. ಶಾಸ್ತ್ರದ ಅಕ್ಷರವನ್ನು ಬಿಟ್ಟು ಆಶಯವನ್ನು ಹಿಡಿದರೆ ಬರುವ ತತ್ತ್ವವಿಷ್ಟೆ: ಯಾವ ವಸ್ತುವಿನ ದೋಷವು ಬಳಕೆಯಿಂದ ಮಾತ್ರ ತಿಳಿಯುವುದೋ, ಅದನ್ನು ಬಳಸಿದವನು ಬಾಯಿ ತೆರೆಯಬೇಕು, ಇಲ್ಲವೇ ಕೊಳ್ಳುವವನಿಗೆ ಬಳಸಿ ನೋಡಲು ಕಾಲ ಕೊಡಬೇಕು. ಎರಡನ್ನೂ ಮಾಡದವನು "ಕಣ್ಣಿದೆಯಲ್ಲ, ನೋಡಿಕೋ" ಎನ್ನುವುದು, ಕತ್ತಲೆಯ ಕೋಣೆಯಲ್ಲಿ ನಿಲ್ಲಿಸಿ ಬಣ್ಣವನ್ನು ಆರಿಸೆಂದಂತೆ.

ಹೀಗೆ ಪೂರ್ವಪಕ್ಷದ ಮೊದಲನೆಯ ಮಾತು ಬಿದ್ದಿತು. ಎರಡನೆಯದೂ ನಿಲ್ಲದು. ಹಳೆಯದೆಂಬುದು ವಯಸ್ಸಿನ ಮಾತು, ದೋಷದ ಮಾತಲ್ಲ. ಎಪ್ಪತ್ತರ ಮುದುಕರಲ್ಲಿ ಬೆಟ್ಟ ಹತ್ತುವವರೂ ಇದ್ದಾರೆ, ಹೊಸ್ತಿಲು ದಾಟಲಾರದವರೂ ಇದ್ದಾರೆ. ಕಡಮೆ ಬೆಲೆ ವಯಸ್ಸಿಗೆ ಸಾಕ್ಷಿಯಾದೀತೇ ಹೊರತು, ಬೆಡ್ಡಿನ ಸವೆತಕ್ಕೆ ಆಗಲಾರದು.

ಮೂರನೆಯ ಮಾತು ಇವೆರಡಕ್ಕಿಂತ ಗಟ್ಟಿ. ದುಡಿದು ಗಳಿಸಿದ ತಿಳಿವಳಿಕೆಯನ್ನು ಎಲ್ಲರಿಗೂ ಹಂಚಬೇಕೆಂದರೆ ವ್ಯಾಪಾರವೇ ನಡೆಯದು. ಆದರೆ ತಿಳಿವಳಿಕೆಯಲ್ಲಿ ಎರಡು ಬಗೆ. ಲೋಕವನ್ನು ಕುರಿತದ್ದು ಒಂದು: ಯಾವ ಊರಿನಲ್ಲಿ ಯಾವ ಬೆಲೆ, ಯಾವ ಹಡಗು ಯಾವಾಗ ಬರುವುದು ಎಂಬುದು. ಇದು ತಿಳಿದವನ ಸ್ವಂತ ಆಸ್ತಿ. ರೋಡ್ಸಿನ ವರ್ತಕನು ಅದನ್ನು ಬಚ್ಚಿಟ್ಟರೆ ಅವನನ್ನು ಉದಾರಿಯಲ್ಲವೆನ್ನಬಹುದು, ಕಳ್ಳನೆನ್ನುವುದು ಕಷ್ಟ. ಮಾರುತ್ತಿರುವ ವಸ್ತುವನ್ನೇ ಕುರಿತದ್ದು ಎರಡನೆಯದು. ಧಾನ್ಯಕ್ಕೂ ಮನೆಗೂ ಇರುವ ಭೇದ ಇದೇ. ಬೆಡ್ಡಿನ ಸವೆತದ ಜ್ಞಾನ ಮುದುಕನ ತಲೆಯಲ್ಲಿದ್ದರೂ ಸವೆತ ಇರುವುದು ಯಂತ್ರದಲ್ಲಿ. ಯಂತ್ರವನ್ನು ಮಾರಿ ಅದರ ಸತ್ಯವನ್ನು ಮಾತ್ರ ಮನೆಯಲ್ಲಿ ಉಳಿಸಿಕೊಂಡವನು, ಆಕಳನ್ನು ಮಾರಿ ಕರುವನ್ನು ಬಚ್ಚಿಟ್ಟವನಂತೆ. ಕೊಳ್ಳುವವನು ತೆತ್ತ ಬೆಲೆಯಲ್ಲಿ ವಸ್ತುವಿನ ನಿಜಸ್ಥಿತಿಯೂ ಸೇರಿಯೇ ಇದೆ.

ಇಷ್ಟು ಮಾತು ಎತ್ತಿಗೂ ಮನೆಗೂ ಸಲ್ಲುತ್ತದೆ. ಲೇತಿನಲ್ಲಿ ಇವಕ್ಕೆ ಇಲ್ಲದ ಒಂದು ವಿಶೇಷವಿದೆ. ಯಂತ್ರಗಳನ್ನು ಹುಟ್ಟಿಸುವ ಯಂತ್ರವೆಂಬ ಕಾರಣದಿಂದ ಅದನ್ನು ತಾಯಿಯಂತ್ರವೆಂದು ಕರೆಯುವರು. ಕುಂಟೆತ್ತನ್ನು ಮಾರಿದವನ ಅಸತ್ಯವು ಆ ಎತ್ತಿನೊಡನೆ ಮುಗಿಯುತ್ತದೆ. ಸವೆದ ಲೇತಾದರೋ ತನ್ನ ವಕ್ರತೆಯನ್ನು ತಾನು ಕಡೆದ ಪ್ರತಿಯೊಂದು ವಸ್ತುವಿಗೂ ಹಂಚುತ್ತದೆ. ವಿನೋಬನಗರದ ತರುಣನು ಅದರಲ್ಲಿ ಕಡೆದ ದಂಡವು ತೀರ್ಥಹಳ್ಳಿಯ ಯಾವುದೋ ತೋಟದ ಪಂಪನ್ನು ಸೇರುತ್ತದೆ. ಬೇಸಿಗೆಯ ನಡುವೆ ಅದರ ಬೇರಿಂಗು ಕಾದು ಕೆಡುತ್ತದೆ. ಅಡಕೆಯ ಸಸಿಗಳಿಗೆ ನೀರು ತಪ್ಪುತ್ತದೆ. ತೋಟದವನು ತರುಣನನ್ನು ಬೈಯುತ್ತಾನೆ. ತರುಣನು ತನ್ನ ಕೈಗೆ ಕಸುಬು ಒಲಿಯಲಿಲ್ಲವೆಂದು ತನ್ನನ್ನೇ ಬೈದುಕೊಳ್ಳುತ್ತಾನೆ. ಈ ಕೊನೆಯದೇ ಎಲ್ಲಕ್ಕಿಂತ ದೊಡ್ಡ ಹಾನಿ. ಹಣ ಹೋದರೆ ಮತ್ತೆ ಗಳಿಸಬಹುದು. ಯಂತ್ರದ ತಪ್ಪನ್ನು ತನ್ನ ತಪ್ಪೆಂದು ನಂಬಿ ಉಳಿಯನ್ನು ಕೆಳಗಿಟ್ಟ ಕಲಿಯುವವನನ್ನು ಮತ್ತೆ ತರುವುದು ಕಷ್ಟ. ಭದ್ರಾವತಿಯ ಶೆಡ್ಡಿನಲ್ಲಿ ಒಂದು ಕ್ಷಣ ನಡೆದ ಮೌನವು ಹೀಗೆ ಊರೂರು ತಿರುಗುತ್ತದೆ.

ಹಾಗಾದರೆ ಮುದುಕನ ಗತಿಯೇನು? ದೋಷವನ್ನು ಹೇಳಿದರೆ ಬೆಲೆ ಇಳಿಯುತ್ತದೆ, ಹೆಂಡತಿಯ ಔಷಧ ನಿಲ್ಲುತ್ತದೆ. ಧರ್ಮ ಹೇಳುವವರು ಔಷಧದ ಅಂಗಡಿಯ ಲೆಕ್ಕ ತೀರಿಸುವರೇ ಎಂದು ಯಾರಾದರೂ ಕೇಳಿದರೆ ಅದು ಅಲ್ಲಗಳೆಯತಕ್ಕ ಪ್ರಶ್ನೆಯಲ್ಲ. ಬಡವನಿಗೆ ಸತ್ಯ ತುಟ್ಟಿಯೆಂಬುದನ್ನು ಒಪ್ಪಲೇಬೇಕು. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಕೊಳ್ಳಲು ಬಂದವನೂ ಧನಿಕನಲ್ಲ. ಒಂದು ಮನೆಯ ಕಷ್ಟವನ್ನು ಇನ್ನೊಂದು ಮನೆಗೆ ಸಾಗಿಸಿದರೆ ಲೋಕದ ಕಷ್ಟದ ಮೊತ್ತ ಕಡಮೆಯಾಗದು. ಮತ್ತು ಹೇಳಿದ ದೋಷಕ್ಕೆ ಒಂದು ಅಳತೆಯಿದೆ. ಬೆಡ್ಡನ್ನು ಮತ್ತೆ ಸಾಣೆ ಹಿಡಿಸಬಹುದು. ಅದಕ್ಕೆ ಇಷ್ಟು ಹಣವೆಂದು ವಿಚಾರಿಸಿ ಅಷ್ಟನ್ನು ಬೆಲೆಯಲ್ಲಿ ಕಳೆಯಬಹುದು. ನಿಖರವಾದ ಅಳತೆ ಬೇಡದ ಕೆಲಸವನ್ನಷ್ಟೇ ಸದ್ಯಕ್ಕೆ ಮಾಡಬಹುದು. ಸವೆತವನ್ನು ಬಲ್ಲವನು ಅಳೆದಳೆದು ಕಡೆದು ಸರಿದೂಗಿಸಿಕೊಳ್ಳಬಹುದು. ಮುದುಕನು ತಾನೇ ಇಷ್ಟು ವರ್ಷ ಹಾಗೆಯೇ ದುಡಿದು ಉಂಡವನಲ್ಲವೆ? ಹೇಳದ ದೋಷಕ್ಕೆ ಮಾತ್ರ ಅಳತೆಯಿಲ್ಲ.

ನ್ಯಾಯವು ಒಂದೇ ಕಡೆಗೆ ನೋಡತಕ್ಕದ್ದಲ್ಲವಾದುದರಿಂದ ಚಿತ್ರವನ್ನು ತಿರುಗಿಸಿಯೂ ನೋಡಬೇಕು. ಮುದುಕನು ತೀರಿಕೊಂಡಿದ್ದಾನೆ, ಯಂತ್ರವನ್ನು ಮಾರುತ್ತಿರುವವಳು ಅವನ ಹೆಂಡತಿ ಎಂದಿಟ್ಟುಕೊಳ್ಳಬಹುದು. ಆಕೆಗೆ ಅದೊಂದು ಜಾಗ ತುಂಬಿದ ಕಬ್ಬಿಣ. ಗುಜರಿಯವನು ತೂಕದ ಲೆಕ್ಕದಲ್ಲಿ ಬೆಲೆ ಹೇಳಿ ಹೋಗಿದ್ದಾನೆ. ಬಂದ ತರುಣನು ಬಲ್ಲವನು. ಬೆಡ್ಡು ಹೊಸದರಂತಿದೆ, ಮೂಲೆಯ ಮರದ ಪೆಟ್ಟಿಗೆಯಲ್ಲಿ ಎಣ್ಣೆ ಬಟ್ಟೆಯಲ್ಲಿ ಸುತ್ತಿದ ಗೇರುಗಳೂ, ಇನ್ನೊಂದು ಚಕ್ಕೂ, ಮೈಕ್ರೊಮೀಟರೂ ಇವೆ. "ಎಲ್ಲಾ ತಗೊಂಡು ಹೋಗಪ್ಪ, ಜಾಗ ಖಾಲಿಯಾದ್ರೆ ಸಾಕು," ಎನ್ನುತ್ತಾಳೆ ಆಕೆ. ಈಗ ಬಲ್ಲವನು ಕೊಳ್ಳುವವನು, ಅರಿಯದವಳು ಮಾರುವವಳು. ಬೆಲೆಯ ಜ್ಞಾನ ಲೋಕಜ್ಞಾನ, ಅದು ತನ್ನ ಆಸ್ತಿಯೆಂದು ತರುಣನು ವಾದಿಸಬಹುದೇ? ಇಬ್ಬರು ವರ್ತಕರ ನಡುವೆಯಾದರೆ ವಾದಿಸಬಹುದಿತ್ತು. ಆದರೆ ಪೆಟ್ಟಿಗೆಯಲ್ಲಿ ಏನಿದೆಯೆಂಬುದು ವಸ್ತುವಿನ ಜ್ಞಾನ; ಬಳಸಿದವನು ಇಲ್ಲದಿರುವಾಗ ಅದನ್ನು ಬಲ್ಲವನು ಇವನೊಬ್ಬನೇ. ಅದೂ ಅಲ್ಲದೆ, ಸಂಪೂರ್ಣವಾಗಿ ನಂಬಿ ಕೈಬಿಟ್ಟವರ ಎದುರಿಗೆ ಮೌನವು ಮಾತಾಗುವುದೆಂದು ಮಗಳು ಕುದುರೆ ಕೊಂಡ ದೃಷ್ಟಾಂತವೇ ಹೇಳಿತು. ಆದುದರಿಂದ ಹೊಣೆ ಮಾರುವವನದೂ ಅಲ್ಲ, ಕೊಳ್ಳುವವನದೂ ಅಲ್ಲ, ವಸ್ತುವನ್ನು ಬಲ್ಲವನದು. ಅವನು ಯಾವ ಕಡೆ ನಿಂತಿದ್ದರೂ ಸರಿ.

ಮಹಾಭಾರತದ ಶಾಂತಿಪರ್ವದಲ್ಲಿ ಜಾಜಲಿಯೆಂಬ ತಪಸ್ವಿಯ ಕಥೆಯಿದೆ. ಅಲುಗಾಡದೆ ನಿಂತ ಅವನ ಜಡೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿಮಾಡಿದವು. ತನಗೆ ಸಮನಿಲ್ಲವೆಂದು ಅವನು ಹಿಗ್ಗಿದನು. ಕಾಶಿಯ ತುಲಾಧಾರನಿಗೆ ನೀನು ಸಮನಲ್ಲವೆಂಬ ಧ್ವನಿ ಕೇಳಿ, ಹುಡುಕಿಕೊಂಡು ಹೋದರೆ, ಆ ತುಲಾಧಾರನು ಅಂಗಡಿಯಲ್ಲಿ ಕುಳಿತು ಸರಕು ಮಾರುವ ವ್ಯಾಪಾರಿ. ತನ್ನ ತಕ್ಕಡಿ ಎಲ್ಲ ಪ್ರಾಣಿಗಳಿಗೂ ಸಮನಾಗಿ ನಿಲ್ಲುವುದೆಂಬುದೇ ಅವನ ತಪಸ್ಸು. ಧರ್ಮವನ್ನು ಕಾಡಿನಿಂದ ಅಂಗಡಿಗೆ ತಂದ ಈ ಕಥೆಗೆ ಹೆಚ್ಚಿನ ವ್ಯಾಖ್ಯಾನ ಬೇಡ.

ಭದ್ರಾವತಿಯ ಮುದುಕನು ತುಲಾಧಾರನ ದಾರಿ ಹಿಡಿದರೆ ಮಾಡಬೇಕಾದ್ದು ಬಹಳವೇನಿಲ್ಲ. ತರುಣನ ಕೈಹಿಡಿದು ಚಕ್ಕಿನ ಹತ್ತಿರ ಬೆಡ್ಡಿನ ಮೇಲೆ ಇರಿಸಿ, "ಇಲ್ಲಿ ಸವೆದಿದೆ ಕಣಪ್ಪ, ಮುಟ್ಟಿ ನೋಡು," ಎಂದರೆ ಸಾಕು. ಆದರೆ ಅಷ್ಟು ಹೇಳಿದವನ ಮಾತು ಅಲ್ಲಿಗೇ ನಿಲ್ಲುವುದಿಲ್ಲ. ಉದ್ದನೆಯ ದಂಡವನ್ನು ಹೇಗೆ ಹಿಡಿಯಬೇಕು, ಎಲ್ಲೆಲ್ಲಿ ಅಳೆಯಬೇಕು, ಯಾವ ಗೇರಿಗೆ ಎಣ್ಣೆ ತಪ್ಪಿಸಬಾರದು, ಯಾವ ಸದ್ದು ಬಂದರೆ ಯಂತ್ರವನ್ನು ನಿಲ್ಲಿಸಬೇಕು ಎಂಬುದೆಲ್ಲ ಒಂದರ ಹಿಂದೆ ಒಂದು ಹೊರಬರುತ್ತದೆ. ದೋಷವನ್ನು ಮುಚ್ಚಿಟ್ಟವನು ಇದಾವುದನ್ನೂ ಹೇಳಲಾರನು. ಹೇಳಹೊರಟರೆ ದೋಷ ಬಯಲಾಗುತ್ತದೆ. ಮೂವತ್ತು ವರ್ಷದ ವಿದ್ಯೆಯೂ ದೋಷದೊಡನೆಯೇ ಹೂತುಹೋಗುತ್ತದೆ. ಬೆಲೆ ಕೆಲವು ಸಾವಿರ ರೂಪಾಯಿ ಇಳಿಯಬಹುದು. ಆದರೆ ಆ ಸಂಜೆ ಲಾರಿಯ ಮೇಲೆ ಶಿವಮೊಗ್ಗೆಗೆ ಹೊರಟ ಲೇತಿನೊಡನೆ ಅದನ್ನು ನಡೆಸುವ ವಿದ್ಯೆಯೂ ಹೊರಡುತ್ತದೆ. ತರುಣನು ಮೊದಲನೆಯ ದಂಡವನ್ನು ಕಡೆದು ಅಳತೆ ತಪ್ಪಿದಾಗ, ಯಾರನ್ನು ಕೇಳಬೇಕೆಂಬುದು ಅವನಿಗೆ ಗೊತ್ತಿರುತ್ತದೆ.